ಆಟ ಹುಡುಗನದು, ಕೊಳಗ ಧಣಿಯದು

ಮೊಬೈಲು ಹಿಡಿದು ಹುಡುಗರು ಕೆಟ್ಟರೆಂದು ಊರ ಹಿರಿಯರು ಕಟ್ಟೆಯ ಮೇಲೆ ಕುಳಿತು ಗೊಣಗುವುದನ್ನು ದಿನವೂ ಕೇಳುತ್ತೇವೆ. ಶಾಲೆಯಲ್ಲಿ ಬೆತ್ತ ಹಿಡಿದಿದ್ದ ನಾನೂ ಹಾಗೆಯೇ ಎಣಿಸಿದ್ದವನು. ಆದರೆ ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಕಂಡದ್ದು ಬರಿಯ ಆಟವಲ್ಲ, ದುಡಿಮೆ.

ಹಗಲು ಗ್ಯಾರೇಜಿನಲ್ಲಿ ಕೆಲಸ ಮಾಡುವ ಆ ಹುಡುಗ ರಾತ್ರಿ ಬಿಜಿಎಂಐ ಆಡುತ್ತ, ಆಡಿದ್ದನ್ನು ಫೋನಿನಲ್ಲೇ ಚಿತ್ರವಾಗಿ ದಾಖಲಿಸುತ್ತಾನೆ. ಬೇರೆ ಕ್ಯಾಮರಾ ಬೇಡ. ಐಫೋನಿನಲ್ಲಿ 2017ರಿಂದ, ಆಂಡ್ರಾಯ್ಡಿನಲ್ಲಿ 2020ರ 11ನೆಯ ಆವೃತ್ತಿಯಿಂದ ಆ ಸೌಲಭ್ಯ ಒಳಗೇ ಇದೆ. ಆದರೆ ಆಟ, ದಾಖಲೆ ಎರಡನ್ನೂ ಹೊತ್ತ ಫೋನು ಕಾಯುತ್ತದೆ, ಆಟ ತಡವರಿಸುತ್ತದೆ. ಸೆಕೆಂಡಿಗೆ 12 ಮೆಗಾಬಿಟ್ ಲೆಕ್ಕದಲ್ಲಿ ಒಂದು ಗಂಟೆಯ ದಾಖಲೆ 5 ಗಿಗಾಬೈಟಿಗೂ ಮಿಕ್ಕಿ ಜಾಗ ತಿನ್ನುತ್ತದೆ. ಅದನ್ನು ಕತ್ತರಿಸಿ, ಮಾತು ಸೇರಿಸಿ, ಹತ್ತು ನಿಮಿಷಕ್ಕೆ ಇಳಿಸುವಷ್ಟರಲ್ಲಿ ಕೋಳಿ ಕೂಗುತ್ತದೆ. ಫೋನು ಅವನದು, ಡೇಟಾ ಅವನದು, ಕೆಟ್ಟ ನಿದ್ದೆಯೂ ಅವನದು.

ಫಸಲು ಯಾರದು? ಆಟದ ಒಡೆಯನಾದ ದಕ್ಷಿಣ ಕೊರಿಯದ ಕ್ರಾಫ್ಟನ್ ಕಂಪನಿಗೆ ಇಂಥ ಸಾವಿರಾರು ಹುಡುಗರಿಂದ ಪುಕ್ಕಟೆ ಪ್ರಚಾರ. ಇನ್ನು ಚಿತ್ರಗಳು ಹೋಗಿ ಸೇರುವ ಯೂಟ್ಯೂಬಿನ ನಿಯಮವನ್ನು ವಾಚಕರು ಗಮನಿಸಬೇಕು. ಜಾಹೀರಾತಿನ ಪಾಲು ಬೇಕಾದರೆ 1000 ಚಂದಾದಾರರು, ಮತ್ತು ಹನ್ನೆರಡು ತಿಂಗಳಲ್ಲಿ 4000 ಗಂಟೆಗಳ ವೀಕ್ಷಣೆ ಆಗಿರಬೇಕು. ಇಲ್ಲವೇ 90 ದಿನಗಳಲ್ಲಿ ಕಿರುಚಿತ್ರಗಳನ್ನು ಒಂದು ಕೋಟಿ ಸಲ ಜನ ನೋಡಿರಬೇಕು. 4000 ಗಂಟೆಯೆಂದರೆ ಹತ್ತು ನಿಮಿಷದ ಚಿತ್ರವನ್ನು 24,000 ಜನ ಕೊನೆಯವರೆಗೆ ನೋಡಬೇಕು! ಈ ಗಡಿ ದಾಟಿದವನಿಗೆ ಉದ್ದ ಚಿತ್ರದ ಜಾಹೀರಾತಿನಲ್ಲಿ ನೂರಕ್ಕೆ 55 ಪಾಲು. ದಾಟದವನಿಗೆ ಸೊನ್ನೆ.

ಅವನ ಚಿತ್ರದ ಮೇಲೆ ಜಾಹೀರಾತೇ ಇಲ್ಲದಿದ್ದರೆ ಸೊನ್ನೆಯನ್ನು ಒಪ್ಪಬಹುದಿತ್ತು. ಆದರೆ ಕಂಪನಿ 2020ರ ನವೆಂಬರಿನಲ್ಲಿ ಅಮೆರಿಕದಲ್ಲಿ, 2021ರಲ್ಲಿ ಉಳಿದ ದೇಶಗಳಲ್ಲಿ ಕರಾರು ಬದಲಿಸಿತು. ಗಡಿ ದಾಟದವನ ಚಿತ್ರದ ಮೇಲೂ ಜಾಹೀರಾತು ಹಾಕುವ ಹಕ್ಕು ತನಗಿದೆ, ಪಾಲು ಮಾತ್ರ ಕೊಡಬೇಕಾಗಿಲ್ಲ ಎಂದಿತು. ಇದು ಗೇಣಿಯೂ ಅಲ್ಲ, ಬಿಟ್ಟಿ! 1951ರಲ್ಲಿ ಕಾಗೋಡಿನ ಗೇಣಿದಾರರ ಜಗಳಕ್ಕೆ ಧಣಿಯ ಕೊಳಗದ ಅಳತೆಯೂ ಒಂದು ಕಾರಣವಾಗಿತ್ತು. ಇಂದು ಕೊಳಗ ಕಣ್ಣಿಗೆ ಕಾಣದು. ಆದರೆ ಅದು ಧಣಿಯ ಕೈಯಲ್ಲೇ ಇದೆ.

"ಯಾರೂ ಒತ್ತಾಯ ಮಾಡಿಲ್ಲ, ಚಿತ್ರ ಇಡಲು ಕಂಪನಿ ಪುಕ್ಕಟೆ ಜಾಗ ಕೊಟ್ಟಿದೆ" ಎಂಬ ವಾದವುಂಟು. ಜಾಗದ ಖರ್ಚು ಕಂಪನಿ ತನ್ನ ನೂರಕ್ಕೆ 45ರಲ್ಲಿ ಕಳೆದುಕೊಳ್ಳಲಿ. ಹುಡುಗನ 55ನ್ನು ನುಂಗಲು ಅದಕ್ಕೆ ಅಧಿಕಾರ ಕೊಟ್ಟವರು ಯಾರು? ಆಟ ಆಟವೇ ಇರಬಹುದು, ಜಾಹೀರಾತು ಆಟವಲ್ಲ; ಅದು ರೊಕ್ಕ.

ಸರ್ಕಾರ 2025ರಲ್ಲಿ ಆನ್‌ಲೈನ್ ಆಟಗಳ ಕಾಯಿದೆ ತಂದಿತು. ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದ್ದು ಸರಿ. ಆದರೆ ಆಟ ತೋರಿಸಿ ದುಡಿಯುವವನ ಪಾಲಿನ ಬಗ್ಗೆ ಅದರಲ್ಲಿ ಮಾತಿಲ್ಲ. ನಮ್ಮ ಬೇಡಿಕೆ ಸರಳ. ಮೊದಲ ಜಾಹೀರಾತು ಬಿದ್ದ ದಿನದಿಂದಲೇ ಪಾಲು ದುಡಿದವನ ಹೆಸರಿಗೆ ಜಮೆಯಾಗಲಿ. ಚಿಲ್ಲರೆ ಮೊತ್ತ ಕಳಿಸುವುದು ಕಷ್ಟವಾದರೆ, ಕೂಡಿದ ಮೇಲೆ ಕೊಡಲಿ. ಲೆಕ್ಕ ಅವನ ಕಣ್ಣಿಗೆ ಕಾಣಲಿ.

ಹಿರಿಯರೇ, ಹುಡುಗರನ್ನು ಬೈದದ್ದು ಸಾಕು. ಅವರ ನಿದ್ದೆ ಕೆಡುವುದು ನಿಮಗೆ ನೋವಾದರೆ, ಆ ನಿದ್ದೆಯನ್ನು ಮಾರಿ ಉಂಡವರನ್ನು ಕೇಳಿ. ಹುಡುಗರೇ, ನೀವೂ ಕೇಳಿ: ನಮ್ಮ ಕೂಲಿ ಎಲ್ಲಿ?