ಕೀಲಿಮಣೆಯ ಗರಡಿ

ಸಾವನದುರ್ಗದ ತಪ್ಪಲಿನ ನೆಂಟರ ಮನೆಯಲ್ಲಿ ಹುಡುಗನೊಬ್ಬ ಹಳೆಯ ಕಂಪ್ಯೂಟರಿನ ಕೀಲಿಮಣೆಯಲ್ಲೇ ‘ಸ್ಟ್ರೀಟ್ ಫೈಟರ್’ ಆಡುತ್ತಿದ್ದ. ಜಾಯ್‌ಸ್ಟಿಕ್ ಕೊಳ್ಳಲಾಗದ ಬಡತನವೆಂದು ಮರುಗಿದೆ. ನನ್ನ ಎಣಿಕೆ ತಪ್ಪಿತ್ತು. ಕೆಳಕ್ಕೆ, ಓರೆಗೆ, ಮುಂದಕ್ಕೆ ಹೊರಳಿಸಬೇಕಾದ ವರಸೆಯನ್ನು ಅವನ ಎರಡು ಬೆರಳುಗಳು ಕ್ಷಣಾರ್ಧದಲ್ಲಿ ಮುಗಿಸುತ್ತಿದ್ದವು. ತೊಡಕಿರುವುದು ಬೇರೆಡೆ. ಅಗ್ಗದ ಕೀಲಿಮಣೆಗಳಲ್ಲಿ ಹಲವು ಕೀಲಿಗಳು ಒಂದೇ ತಂತಿಜಾಲವನ್ನು ಹಂಚಿಕೊಳ್ಳುತ್ತವೆ. ಓರೆ ಚಲನೆಯ ಎರಡರೊಡನೆ ಏಟಿನ ಮೂರನೆಯದನ್ನು ಒತ್ತಿದರೆ ಕೆಲವೊಮ್ಮೆ ಅದು ದಾಖಲಾಗುವುದೇ ಇಲ್ಲ. ಹುಡುಗ ಸೋತದ್ದು ಹೀಗೆ. (ಬೆರಳಚ್ಚುಗಾರರಿಗೆ ಹೇಳಿ ಬರೆಸಿಯೇ ನಿವೃತ್ತನಾದ ನನಗೆ ಇದೆಲ್ಲಿ ತಿಳಿಯಬೇಕು!)

ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಇ-ಕ್ರೀಡೆಗೆ ಮನ್ನಣೆ ನೀಡಿತು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಈ ಸರಣಿಯ ಆಟಕ್ಕೂ ಪದಕವಿತ್ತು. ಗರಡಿಯ ಮಣ್ಣನ್ನು ಪೈಲ್ವಾನನು ಮನೆಯಿಂದ ಹೊತ್ತು ತರುವುದಿಲ್ಲವಷ್ಟೆ? ತಾಲ್ಲೂಕು ಮಟ್ಟದಲ್ಲಿ ಸ್ಪರ್ಧೆ ಏರ್ಪಡಿಸುವವರು ಎಲ್ಲ ಒತ್ತುಗಳನ್ನೂ ದಾಖಲಿಸುವ ಕೀಲಿಮಣೆಗಳನ್ನು ತಾವೇ ಒದಗಿಸಲಿ.