ಗಪ್ಪಿ ಮೀನು ಹೇಳಿದ್ದು ಅಷ್ಟೇ ಅಲ್ಲ

ಸೆಕೆಂಡ್ ಇಂಟರ್ನಲ್ಸ್ ಮುಗಿದ ದಿನ ನಮ್ಮ ಕ್ಲಾಸ್ ಗ್ರೂಪಿಗೆ ಒಂದು ರೀಲ್ ಬಂತು. ಒಬ್ಬ ಮೈಕ್ ಹಿಡ್ಕೊಂಡು ಹೇಳ್ತಾನೆ: ಹುಡುಗೀರಿಗೆ ಸ್ವಂತ ಟೇಸ್ಟ್ ಅನ್ನೋದೇ ಇಲ್ಲ, ಇನ್ನೊಬ್ಬಳು ಇಷ್ಟಪಟ್ಟವನನ್ನೇ ಇಷ್ಟಪಡ್ತಾರೆ, ಬೇಕಿದ್ರೆ ಗಪ್ಪಿ ಮೀನು ನೋಡಿ, ಸೈನ್ಸ್ ಪ್ರೂವ್ ಮಾಡಿದೆ. ಅದರ ಕೆಳಗೆ ಯಾರೋ ನಮ್ಮ ಕ್ಲಾಸಿನ ಒಬ್ಬಳನ್ನು ಟ್ಯಾಗ್ ಮಾಡಿದರು. ಒಂದಾದ ಮೇಲೆ ಒಂದು ನಗೋ ಎಮೋಜಿ ಬಿದ್ದವು. ಅದರಲ್ಲಿ ನನ್ನದೂ ಒಂದು.

ಮಾರನೇ ದಿನ ಲ್ಯಾಬಲ್ಲಿ ಅವಳು ನನ್ನ ಪಕ್ಕದಲ್ಲೇ ಇದ್ದಳು. ನಾವಿಬ್ಬರೂ ಒಂದೇ ಬ್ಯಾಚ್. ರೀಲ್ ಬಗ್ಗೆ ಏನೂ ಹೇಳಲಿಲ್ಲ. ಬ್ರೆಡ್‌ಬೋರ್ಡಿಗೆ ವೈರ್ ಚುಚ್ಚುತ್ತಾ, "ಆ ಗಪ್ಪಿ ಪೇಪರ್ ಓದಿದ್ಯೇನೋ?" ಅಂದಳು. ಇಲ್ಲ ಅಂದೆ. "ಮತ್ತೆ ಯಾಕೆ ನಕ್ಕೆ?" ಅಂದಳು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಅವತ್ತು ರಾತ್ರಿ ಕೂತು ಓದಿದೆ. ಒಂದರಿಂದ ಇನ್ನೊಂದಕ್ಕೆ ಹೋಗಿ ಎರಡು ವಾರ ಅದೇ ಆಯ್ತು.

ಗಪ್ಪಿ ನಮಗೇನೂ ಹೊಸದಲ್ಲ. ಸೊಳ್ಳೆ ಮರಿ ತಿನ್ನಲಿ ಅಂತ ಕೆರೆಗೆ, ತೊಟ್ಟಿಗೆ ಬಿಡ್ತಾರಲ್ಲ, ಆ ಪುಟ್ಟ ಮೀನು. ಅದರ ಸ್ವಂತ ಊರು ಟ್ರಿನಿಡಾಡ್ ಮತ್ತು ಅದರ ಪಕ್ಕದ ದಕ್ಷಿಣ ಅಮೆರಿಕ. ಗಂಡಿನ ಮೈಮೇಲೆ ಕಿತ್ತಳೆ ಬಣ್ಣದ ಮಚ್ಚೆಗಳಿರುತ್ತವೆ. ಆ ಬಣ್ಣಕ್ಕೆ ಬೇಕಾದ ಕ್ಯಾರೊಟಿನಾಯ್ಡ್ ಅದರ ಊಟದಿಂದಲೇ ಬರಬೇಕು. ಹಾಗಾಗಿ ಕಿತ್ತಳೆ ಜಾಸ್ತಿ ಇದ್ರೆ ಇವನು ಚೆನ್ನಾಗಿ ತಿಂದುಂಡು ಬೆಳೆದವನು ಅಂತ ಲೆಕ್ಕ. ಹೆಣ್ಣುಗಳು ಸಾಮಾನ್ಯವಾಗಿ ಅಂಥವನನ್ನೇ ಆರಿಸುತ್ತವೆ.

1992ರಲ್ಲಿ ಲೀ ಡುಗಾಟ್ಕಿನ್ ಅನ್ನೋ ಅಮೆರಿಕದ ವಿಜ್ಞಾನಿ ಒಂದು ಸರಳ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ತೊಟ್ಟಿಯ ಎರಡು ತುದಿಗೆ ಒಂದೊಂದು ಗಂಡು. ಒಂದು ಗಂಡಿನ ಹತ್ತಿರ ಇನ್ನೊಂದು ಹೆಣ್ಣನ್ನು ಇಟ್ಟರು. ನಡುವೆ ಪಾರದರ್ಶಕ ಡಬ್ಬಿಯೊಳಗೆ ಕೂತ ಹೆಣ್ಣು ಇದನ್ನೆಲ್ಲ ನೋಡುತ್ತೆ. ಆಮೇಲೆ ಆ ಇನ್ನೊಂದು ಹೆಣ್ಣನ್ನು ತೆಗೆದು, ನೋಡ್ತಾ ಇದ್ದವಳನ್ನು ಹೊರಗೆ ಬಿಟ್ಟರು. 20 ಸಲದಲ್ಲಿ 17 ಸಲ ಅದು ಹೋಗಿದ್ದು ಪಕ್ಕದಲ್ಲಿ ಹೆಣ್ಣಿದ್ದ ಗಂಡಿನ ಕಡೆಗೇ. ಜೊತೆ ಇದ್ದ ಕಡೆ ಹೋಗೋ ಬರೀ ಗುಂಪಿನ ಚಾಳಿ ಇರಬಹುದಲ್ವಾ ಅಂತ ನಿಮಗೆ ಡೌಟ್ ಬರಬಹುದು. ಅವರಿಗೂ ಬಂತು. ಗಂಡುಗಳ ಜಾಗದಲ್ಲಿ ಹೆಣ್ಣುಗಳನ್ನೇ ಇಟ್ಟು ನೋಡಿದರು. ಆಗ ಈ ಒಲವು ಕಾಣಲಿಲ್ಲ.

ರೀಲ್ ಇಲ್ಲಿಗೇ ನಿಲ್ಲುತ್ತೆ. ಡುಗಾಟ್ಕಿನ್ ನಿಲ್ಲಿಸಲಿಲ್ಲ.

ಅವರು ಗೊಡಿನ್ ಅನ್ನೋರ ಜೊತೆ ಸೇರಿ 1993ರಲ್ಲಿ ತೋರಿಸಿದ್ದು: ಚಿಕ್ಕ ವಯಸ್ಸಿನ ಹೆಣ್ಣು ದೊಡ್ಡವಳನ್ನು ನೋಡಿ ಕಾಪಿ ಮಾಡುತ್ತೆ, ದೊಡ್ಡವಳು ಚಿಕ್ಕವಳನ್ನು ನೋಡಿ ಮಾಡಲ್ಲ. ಅನುಭವ ಇಲ್ಲದವಳು ಅನುಭವ ಇದ್ದವಳನ್ನು ನೋಡಿ ಕಲೀತಾಳೆ, ಅಷ್ಟೇ. ಇನ್ನೊಂದು ನನಗೆ ತುಂಬಾ ಹಿಡಿಸಿದ್ದು, 1996ರದ್ದು. ಎರಡು ಗಂಡುಗಳ ಕಿತ್ತಳೆ ಬಣ್ಣದಲ್ಲಿ ವ್ಯತ್ಯಾಸ ಕಮ್ಮಿ ಇದ್ದಾಗ, ಬಣ್ಣ ಕಮ್ಮಿ ಇದ್ದವನ ಪಕ್ಕ ಇನ್ನೊಬ್ಬಳನ್ನು ನೋಡಿದ ಹೆಣ್ಣು ಅವನನ್ನೇ ಆರಿಸಿತು. ವ್ಯತ್ಯಾಸ ಸುಮಾರು 40% ಆದಾಗ? ಇನ್ನೊಬ್ಬಳು ಯಾರ ಪಕ್ಕ ಬೇಕಾದ್ರೂ ಇರಲಿ, ತನಗೆ ಕಿತ್ತಳೆ ಜಾಸ್ತಿ ಇದ್ದವನೇ ಬೇಕು ಅಂತು. ಅಂದ್ರೆ ತನ್ನ ಕಣ್ಣಿಗೆ ಗೊತ್ತಾಗದೇ ಇದ್ದಾಗ ಮಾತ್ರ ಬೇರೆಯವರ ಕಣ್ಣು. ಇದನ್ನ 'ಸ್ವಂತ ಟೇಸ್ಟ್ ಇಲ್ಲ' ಅಂತ ಹೇಗೆ ಓದ್ತೀರ? ಸಾಲದ್ದಕ್ಕೆ ಬೇರೆ ಕಡೆಯ ಗಪ್ಪಿಗಳಲ್ಲಿ ಇದೇ ತರ ಮಾಡಿ ನೋಡಿದ ಕೆಲವರಿಗೆ ಕಾಪಿ ಕಾಣಿಸಲೇ ಇಲ್ಲ.

ಇಂಥ ಅಭ್ಯಾಸ ಯಾಕೆ ವಿಕಾಸ ಆಯ್ತು ಅಂದ್ರೆ, ಆರಿಸೋದು ದುಬಾರಿ ಕೆಲಸ. ಒಬ್ಬೊಬ್ಬನನ್ನೂ ನೋಡ್ತಾ ಕೂತರೆ ಊಟ ತಪ್ಪುತ್ತೆ, ಅಷ್ಟರಲ್ಲಿ ದೊಡ್ಡ ಮೀನು ಬಂದು ಇವಳನ್ನೇ ನುಂಗಬಹುದು. ಇನ್ನೊಬ್ಬಳು ಆಗಲೇ ಆ ಕೆಲಸ ಮಾಡಿದ್ರೆ ಫಲಿತಾಂಶ ಫ್ರೀಯಾಗಿ ಸಿಗುತ್ತೆ. ಹಣ್ಣಿನ ನೊಣದಂಥ ನೊಣಾನೂ ಇದನ್ನ ಮಾಡುತ್ತೆ. ಗಂಡು ನೊಣಗಳಿಗೆ ಹಸಿರು, ಗುಲಾಬಿ ಪುಡಿ ಹಚ್ಚಿ 2009ರಲ್ಲಿ ಫ್ರಾನ್ಸಿನವರು ಅದನ್ನ ತೋರಿಸಿದರು.

ಆದ್ರೆ ಫ್ರೀಗೂ ಒಂದು ಮಿತಿ ಇದೆ. ಫಸ್ಟ್ ಇಯರ್ ಫಿಸಿಕ್ಸ್ ಲ್ಯಾಬ್ ನೆನಪಿಸಿಕೊಳ್ಳಿ. ನಮ್ಮ ಬ್ಯಾಚಲ್ಲಿ ಒಬ್ಬ ರೀಡಿಂಗ್ ತಗೊಂಡ, ನಾವೆಲ್ಲ ರೆಕಾರ್ಡಿಗೆ ಇಳಿಸಿದೆವು. ಅವನು ದಶಮಾಂಶ ಬಿಂದು ತಪ್ಪು ಜಾಗದಲ್ಲಿ ಇಟ್ಟಿದ್ದ. ಹನ್ನೊಂದು ರೆಕಾರ್ಡಲ್ಲೂ ಅದೇ ತಪ್ಪು! ಹನ್ನೊಂದು ಜನ ಒಂದೇ ಉತ್ತರ ಬರೆದಿದ್ದರೂ ಅಳತೆ ಮಾಡಿದವನು ಒಬ್ಬನೇ. ಜೀವಶಾಸ್ತ್ರದ ಗಣಿತ ಮಾದರಿಗಳು ಹೇಳೋದೂ ಹೆಚ್ಚುಕಮ್ಮಿ ಇದನ್ನೇ: ಸ್ವಂತವಾಗಿ ನೋಡೋರು ಗುಂಪಲ್ಲಿ ಇರೋವರೆಗೆ ಕಾಪಿ ಮಾಡೋದು ಲಾಭ, ಎಲ್ಲರೂ ಕಾಪಿಗೆ ಇಳಿದರೆ ಕಾಪಿ ಮಾಡೋಕೆ ಏನೂ ಉಳಿಯಲ್ಲ.

ಇದನ್ನ ದುರುಪಯೋಗ ಮಾಡಿಕೊಳ್ಳೋರೂ ಇದ್ದಾರೆ, ಮತ್ತು ಅವರು ಗಂಡುಗಳು. ಟೆಕ್ಸಾಸ್, ಮೆಕ್ಸಿಕೋ ಕಡೆ ಅಮೆಜಾನ್ ಮಾಲಿ ಅಂತ ಒಂದು ಮೀನಿದೆ. (ನದಿಗೂ ಇದಕ್ಕೂ ಸಂಬಂಧ ಇಲ್ಲ, ಗ್ರೀಕ್ ಪುರಾಣದ ಹೆಣ್ಣು ಯೋಧರ ಹೆಸರು.) ಆ ಜಾತಿಯಲ್ಲಿ ಇರೋದೆಲ್ಲ ಹೆಣ್ಣೇ. ಮೊಟ್ಟೆ ಬೆಳೆಯೋಕೆ ಪಕ್ಕದ ಜಾತಿಯ ಗಂಡಿನ ವೀರ್ಯ ಬೇಕು, ಆದ್ರೆ ಮರಿಯಲ್ಲಿ ಅವನ ಜೀನ್ ಸಾಮಾನ್ಯವಾಗಿ ಒಂದೂ ಉಳಿಯಲ್ಲ. ಹಾಗಾದ್ರೆ ಸೈಲ್‌ಫಿನ್ ಮಾಲಿ ಗಂಡು ಯಾಕೆ ಅವಳ ಜೊತೆ ಸೇರಬೇಕು? 1994ರಲ್ಲಿ ಒಂದು ಉತ್ತರ ಸಿಕ್ಕಿತು: ಅವನನ್ನು ಅವಳ ಜೊತೆ ನೋಡಿದ ಸ್ವಂತ ಜಾತಿಯ ಹೆಣ್ಣುಗಳಿಗೆ ಅವನ ಮೇಲೆ ಆಸಕ್ತಿ ಹೆಚ್ಚುತ್ತೆ. ಅವನಿಗೆ ಫ್ರೀ ಪಬ್ಲಿಸಿಟಿ. ಅದೇ ಜಾತಿಯ ಗಂಡುಗಳೂ ಕಾಪಿ ಮಾಡ್ತವೆ ಅಂತ ಆಮೇಲೆ ಗೊತ್ತಾಯ್ತು. ಇನ್ನು ಮನುಷ್ಯರು. 2010ರ ಒಂದು ಅಧ್ಯಯನದಲ್ಲಿ ಸ್ಪೀಡ್ ಡೇಟಿಂಗ್ ವಿಡಿಯೋ ತೋರಿಸಿದಾಗ ಗಂಡಸರೂ ಕಾಪಿ ಮಾಡಿದರು, ಹೆಂಗಸರೂ ಮಾಡಿದರು. ರೀಲಿನವನು ಅದನ್ನು ಯಾಕೆ ಬಿಟ್ಟ ಅಂತ ನೀವೇ ಯೋಚಿಸಿ.

ಇಷ್ಟೆಲ್ಲ ಓದಿ ನಾನು ಅವಳಿಗೆ ಹೇಳೋಕೆ ಹೋದೆ, ಸ್ವಲ್ಪ ಜಂಬದಿಂದಲೇ. ಪೂರ್ತಿ ಕೇಳಿಸಿಕೊಂಡು, "ನೀನು ಸಿಎಸ್ ಯಾಕೆ ತಗೊಂಡೆ?" ಅಂದಳು.

ನನಗೆ ಪಿಯುನಲ್ಲಿ ಇಷ್ಟ ಇದ್ದಿದ್ದು ಎಲೆಕ್ಟ್ರಾನಿಕ್ಸ್. ಮನೆಯ ಹಳೇ ರೇಡಿಯೋ ಬಿಚ್ಚಿ ಅಮ್ಮನ ಹತ್ರ ಬೈಸಿಕೊಂಡವನು ನಾನು. ಸಿಇಟಿ ಆಪ್ಷನ್ ಎಂಟ್ರಿ ದಿನ ಹಿಂದಿನ ವರ್ಷದ ಕಟಾಫ್ ಲಿಸ್ಟ್ ಇಟ್ಕೊಂಡು ಕೂತೆವು. ಯಾವುದು ಬೇಗ ತುಂಬಿದೆಯೋ ಅದೇ ಮೇಲೆ. ಅಪ್ಪ ಹೌದು ಅಂದರು, ಮಾವ ಹೌದು ಅಂದರು, ಟ್ಯೂಷನ್ ಸರ್ ಕೂಡ. ಮೂರು ಜನ ಹೇಳಿದ ಮೇಲೆ ಮುಗೀತು ಅನ್ನಿಸಿತ್ತು. ಅವರೆಲ್ಲ ನೋಡಿದ್ದು ಅದೇ ಲಿಸ್ಟ್ ಅಂತ ಈಗ ಅರ್ಥ ಆಗ್ತಿದೆ. ಸಿಎಸ್ ಕೆಟ್ಟದು ಅಂತಲ್ಲ, ಕೋಡ್ ಬರೆಯೋದು ಈಗ ಇಷ್ಟಾನೇ. ಆದ್ರೆ ಅವತ್ತು ಆರಿಸಿದ್ದು ನಾನಲ್ಲ. ಗಪ್ಪಿಯಾದ್ರೂ 40% ವ್ಯತ್ಯಾಸಕ್ಕೆ ತನ್ನ ಹಟ ಹಿಡಿಯುತ್ತೆ, ನಾನು ಅದೂ ಹಿಡಿಯಲಿಲ್ಲ. ಇಂಥವನು ಇನ್ನೊಬ್ಬಳಿಗೆ ಸ್ವಂತ ಟೇಸ್ಟ್ ಇಲ್ಲ ಅಂತ ನಕ್ಕಿದ್ದೆ. ಅದೂ ನನಗಿಂತ ಮುಂಚೆ ಎಂಟು ಜನ ನಕ್ಕಿದ್ದನ್ನು ನೋಡಿ.

ಸಾರಿ ಕೇಳಿದೆ. "ನಕ್ಕಿದ್ದು ಗ್ರೂಪಲ್ಲಿ, ಸಾರಿ ಮಾತ್ರ ಇಲ್ಲಾ?" ಅಂದಳು. ಅದಕ್ಕೇ ಇಲ್ಲಿ ಬರೀತಾ ಇದ್ದೀನಿ. ಇದು ಪ್ರಕಟ ಆದ ದಿನ ಲಿಂಕನ್ನು ಕ್ಲಾಸ್ ಗ್ರೂಪಿಗೆ, ಆ ರೀಲಿಗೆ ರಿಪ್ಲೈ ಆಗಿ ನಾನೇ ಹಾಕ್ತೀನಿ.