ಮಾನ್ಯತೆಯ ಮುದ್ರೆಯೂ ಸಹೋದರತ್ವದ ಮಾತೂ

ಒಂದು ದೇಶವು ಇನ್ನೊಂದು ದೇಶಕ್ಕೆ ಮಾನ್ಯತೆ ನೀಡಿತೆಂಬ ಸುದ್ದಿ ಬಂದೊಡನೆ ನಮ್ಮ ಮನೆಗಳಲ್ಲಿ, ಮಸೀದಿಯ ಜಗಲಿಗಳಲ್ಲಿ, ವಾಟ್ಸ್ಆ್ಯಪ್ ಬಳಗಗಳಲ್ಲಿ ಒಂದು ಪಟ್ಟಿ ಸಿದ್ಧವಾಗಿಬಿಡುತ್ತದೆ. ಮಾನ್ಯತೆ ಕೊಟ್ಟವರೆಲ್ಲ ಮಿತ್ರರು, ಕೊಡದವರೆಲ್ಲ ಶತ್ರುಗಳು. ಕೊಟ್ಟ ಮುಸ್ಲಿಮ್ ರಾಷ್ಟ್ರವು ಈಮಾನನ್ನು ಉಳಿಸಿಕೊಂಡಿತು, ಕೊಡದ ರಾಷ್ಟ್ರವು ಈಮಾನನ್ನು ಮಾರಿಕೊಂಡಿತು. 2025ರ ಸೆಪ್ಟೆಂಬರಿನಲ್ಲಿ ಬ್ರಿಟನ್, ಕೆನಡಾ ಮತ್ತು ಆಸ್ಟ್ರೇಲಿಯಾಗಳು ಫೆಲೆಸ್ತೀನಿಗೆ ಮಾನ್ಯತೆ ನೀಡಿದಾಗಲೂ ಇಂತಹ ಪಟ್ಟಿಗಳು ಕೈಯಿಂದ ಕೈಗೆ ದಾಟಿದವು. ಈ ಲೆಕ್ಕವು ತಪ್ಪು ಎಂಬುದೇ ನನ್ನ ವಾದ. ರಾಜತಾಂತ್ರಿಕ ಮಾನ್ಯತೆಯು ಧರ್ಮನಿಷ್ಠೆಯ ಅಳತೆಗೋಲಲ್ಲ. ಅದನ್ನು ಹಾಗೆ ಬಳಸುವವರು ಸರಕಾರಗಳ ಸ್ವಾರ್ಥಕ್ಕೆ ಧರ್ಮದ ಹೊದಿಕೆಯನ್ನು ತಾವಾಗಿಯೇ ಹೊದಿಸುತ್ತಿದ್ದಾರೆ.

ಮೊದಲು ಮಾನ್ಯತೆಯೆಂದರೇನು ಎಂಬುದನ್ನು ತಿಳಿಯೋಣ. 1933ರ ಮಾಂಟೆವಿಡಿಯೊ ಒಡಂಬಡಿಕೆಯು ರಾಷ್ಟ್ರವೆನಿಸಿಕೊಳ್ಳಲು ನಾಲ್ಕು ಲಕ್ಷಣಗಳನ್ನು ಹೇಳುತ್ತದೆ: ಸ್ಥಿರವಾದ ಜನಸಮೂಹ, ನಿರ್ದಿಷ್ಟ ಭೂಭಾಗ, ಒಂದು ಸರಕಾರ ಮತ್ತು ಇತರ ರಾಷ್ಟ್ರಗಳೊಂದಿಗೆ ವ್ಯವಹರಿಸುವ ಸಾಮರ್ಥ್ಯ. ರಾಷ್ಟ್ರವೊಂದರ ರಾಜಕೀಯ ಅಸ್ತಿತ್ವವು ಇತರರ ಮಾನ್ಯತೆಯನ್ನು ಅವಲಂಬಿಸಿಲ್ಲವೆಂದೂ ಅದೇ ಒಡಂಬಡಿಕೆ ಸಾರುತ್ತದೆ. ಆದರೆ ಮಾನ್ಯತೆ ಕೊಡಲೇಬೇಕೆಂದು ಯಾವ ಸರಕಾರವನ್ನೂ ಒತ್ತಾಯಿಸುವ ನ್ಯಾಯಾಲಯವಿಲ್ಲ. ಆದ್ದರಿಂದ ಪ್ರತಿಯೊಂದು ಸರಕಾರವೂ ತನ್ನ ತಕ್ಕಡಿಯನ್ನು ತಾನೇ ಹಿಡಿಯುತ್ತದೆ. ನೆರೆಯವನು ಮುನಿಯುವನೇ? ಮಿತ್ರನು ಕೈಬಿಡುವನೇ? ನಾಳೆ ನನ್ನದೇ ಪ್ರಾಂತವೊಂದು ಇದೇ ಹಕ್ಕನ್ನು ಕೇಳುವುದೇ? ಅಲ್ಲಿ ತೂಗಲ್ಪಡುವುದು ಇಂತಹ ಪ್ರಶ್ನೆಗಳು.

ಬಾಂಗ್ಲಾದೇಶದ ಇತಿಹಾಸವು ಇದಕ್ಕೆ ಸಾಕ್ಷಿಯಾಗಿದೆ. 1971ರ ಮಾರ್ಚ್ 26ರಂದು ಸ್ವಾತಂತ್ರ್ಯದ ಘೋಷಣೆಯಾಯಿತು. ಏಪ್ರಿಲ್ 17ರಂದು ತಾತ್ಕಾಲಿಕ ಸರಕಾರವು ಪ್ರಮಾಣವಚನ ಸ್ವೀಕರಿಸಿತು. ಕೋಟಿಯಷ್ಟು ನಿರಾಶ್ರಿತರು ಗಡಿ ದಾಟಿ ಬಂದಿದ್ದರೂ ನಮ್ಮ ಭಾರತ ಸರಕಾರವು ಮಾನ್ಯತೆ ನೀಡಿದ್ದು ಡಿಸೆಂಬರ್ 6ರಂದು, ಯುದ್ಧ ಆರಂಭವಾಗಿ ಮೂರು ದಿನಗಳಾದ ಮೇಲೆ. ಭೂತಾನವೂ ಅದೇ ದಿನ ಮಾನ್ಯತೆ ನೀಡಿತು. ಭಾರತವೂ ಕಾಲವನ್ನು ತೂಗಿಯೇ ಹೆಜ್ಜೆಯಿಟ್ಟಿತೆಂಬುದನ್ನು ಮರೆಯಬೇಕಿಲ್ಲ.

ಈಗ ಸಹೋದರತ್ವದ ಮಾತಿಗೆ ಬರೋಣ. ಹೊಸ ರಾಷ್ಟ್ರದ ಬಹುಸಂಖ್ಯಾತರು ಮುಸ್ಲಿಮರೇ ಆಗಿದ್ದರು. ಅವರ ಮೇಲೆ ಸೇನೆಯನ್ನು ಬಿಟ್ಟದ್ದೂ ಮುಸ್ಲಿಮ್ ರಾಷ್ಟ್ರವೆಂದು ಕರೆದುಕೊಂಡ ಸರಕಾರವೇ. ಆ ಜನರ ಕೈಹಿಡಿಯಲು ಮುಸ್ಲಿಮ್ ಸರಕಾರಗಳು ಧಾವಿಸಿ ಬಂದವೇ? ಸೆನೆಗಲ್, ಇಂಡೋನೇಷ್ಯಾ ಮತ್ತು ಮಲೇಷ್ಯಾಗಳು 1972ರ ಮೊದಲ ತಿಂಗಳುಗಳಲ್ಲೇ ಮಾನ್ಯತೆ ನೀಡಿದವು. ಅದನ್ನು ಗೌರವದಿಂದ ಹೇಳಬೇಕು. ಅರಬ್ ದೇಶಗಳಲ್ಲಿ ಮೊದಲಿಗನಾದ ಇರಾಕ್ ಬಂದದ್ದು ಆ ವರ್ಷದ ಜುಲೈನಲ್ಲಿ. ಈಜಿಪ್ಟ್ ಮತ್ತು ಸಿರಿಯಾಗಳು 1973ರ ಸೆಪ್ಟೆಂಬರಿನವರೆಗೆ ಕಾದವು. ತುರ್ಕಿ ಮತ್ತು ಇರಾನ್, ಪಾಕಿಸ್ತಾನವು ಒಪ್ಪಿದ ದಿನವೇ, ಅಂದರೆ 1974ರ ಫೆಬ್ರವರಿ 22ರಂದು ಒಪ್ಪಿದವು. ಬ್ರಿಟನ್ನಾದರೋ 1972ರ ಫೆಬ್ರವರಿಯಲ್ಲಿ, ಅಮೆರಿಕವು ಏಪ್ರಿಲಿನಲ್ಲಿ ಮಾನ್ಯತೆ ನೀಡಿಯಾಗಿತ್ತು.

ಸೌದಿ ಅರೇಬಿಯಾ ಮಾನ್ಯತೆ ನೀಡಿದ್ದು 1975ರ ಆಗಸ್ಟ್ 16ರಂದು. ಅದರ ಹಿಂದಿನ ದಿನ ಶೇಖ್ ಮುಜೀಬುರ್ರಹ್ಮಾನರನ್ನು ಕುಟುಂಬ ಸಮೇತ ಕೊಲ್ಲಲಾಗಿತ್ತು. ಆ ಒಂದು ರಾತ್ರಿಯಲ್ಲಿ ಬಾಂಗ್ಲಾದೇಶದಲ್ಲಿ ಬದಲಾದುದೇನು? ಜನರು ಅವರೇ, ನೆಲ ಅದೇ, ಮಸೀದಿಗಳು ಅವೇ, ಸಂವಿಧಾನದ ಪುಸ್ತಕವೂ ಅದೇ. ಬದಲಾದದ್ದು ಗದ್ದುಗೆಯ ಮೇಲೆ ಕುಳಿತವರು ಮಾತ್ರ. ಹರಮ್‌ಗಳಿರುವ ನಾಡಿನಲ್ಲಿ ಒಂದು ದೊಡ್ಡ ಮುಸ್ಲಿಮ್ ಜನತೆಗೆ ಅಲ್ಲಿಯವರೆಗೆ ತನ್ನದೇ ರಾಯಭಾರ ಕಚೇರಿಯಿರಲಿಲ್ಲ ಎಂಬುದನ್ನು ಹಜ್‌ಗೆ ಹೋಗಿ ಬಂದ ಪ್ರತಿಯೊಬ್ಬರೂ ಒಮ್ಮೆ ಯೋಚಿಸಬೇಕು.

ಪಾಕಿಸ್ತಾನದ ಮಾನ್ಯತೆಯ ಕಥೆ ಇನ್ನೂ ಕಹಿಯಾಗಿದೆ. ಲಾಹೋರಿನಲ್ಲಿ ಇಸ್ಲಾಮೀ ರಾಷ್ಟ್ರಗಳ ಶೃಂಗಸಭೆ ಸೇರಿದ್ದಾಗ ಕುವೈತಿನ ವಿದೇಶಾಂಗ ಸಚಿವರ ನೇತೃತ್ವದ ನಿಯೋಗವೊಂದು ಢಾಕಾಕ್ಕೆ ಹೋಗಿ ಮುಜೀಬರನ್ನು ಕರೆತಂದಿತು. ಆಲಿಂಗನಗಳಾದವು, ಸಹೋದರತ್ವದ ಭಾಷಣಗಳಾದವು. ಆದರೆ ಆಗ ಯುದ್ಧಾಪರಾಧದ ಆರೋಪದಡಿ ವಿಚಾರಣೆಗೊಳಗಾಗಬೇಕಿದ್ದ 195 ಪಾಕಿಸ್ತಾನೀ ಯುದ್ಧಕೈದಿಗಳು ಭಾರತದಲ್ಲಿದ್ದರು. ಏಪ್ರಿಲ್ 9ರಂದು ದಿಲ್ಲಿಯಲ್ಲಿ ಮೂರು ದೇಶಗಳು ಸಹಿ ಹಾಕಿದ ಒಪ್ಪಂದದಲ್ಲಿ ಬಾಂಗ್ಲಾದೇಶವು ಆ ವಿಚಾರಣೆಯನ್ನು ಕೈಬಿಟ್ಟಿತು. ಮಾನ್ಯತೆ ಬಂತು, ವಿಚಾರಣೆ ಹೋಯಿತು. ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗೆ ಆ ಶೃಂಗಸಭೆಯ ಸಹೋದರತ್ವವು ಯಾವ ಉತ್ತರವನ್ನು ಕೊಟ್ಟಿತು?

“ಸರಕಾರಗಳಿಗೆ ಅವುಗಳದೇ ಸಂಕಟಗಳಿರುತ್ತವೆ, ಒಡೆದ ದೇಶವನ್ನು ಒಪ್ಪಿದರೆ ತಮ್ಮ ದೇಶವೂ ಒಡೆದೀತೆಂಬ ಭಯವಿರುತ್ತದೆ” ಎಂದು ಕೆಲವರು ಸಮರ್ಥಿಸುತ್ತಾರೆ. ಈ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಬಿಯಾಫ್ರಾದ ಭೀಕರ ಯುದ್ಧವು ಮುಗಿದು ಆಗಿನ್ನೂ ಎರಡು ವರ್ಷವಾಗಿತ್ತಷ್ಟೇ. ಭಯವು ನಿಜವಿರಬಹುದು. ಆದರೆ ಅದನ್ನು ಭಯವೆಂದೇ ಕರೆಯಬೇಕು, ದೀನಿನ ಕಾಳಜಿಯೆಂದು ಕರೆಯಬಾರದು. ನನ್ನ ತಕರಾರು ಇರುವುದು ಆ ಹೆಸರಿನ ಕುರಿತು.

ಕೊಸೊವೊವನ್ನು ನೋಡಿದರೂ ಇದೇ ತಿಳಿಯುತ್ತದೆ. 2008ರ ಫೆಬ್ರವರಿ 17ರಂದು ಮುಸ್ಲಿಮ್ ಬಹುಸಂಖ್ಯಾತರ ಈ ನಾಡು ಸ್ವಾತಂತ್ರ್ಯವನ್ನು ಘೋಷಿಸಿತು. ಮರುದಿನವೇ ಅಮೆರಿಕ, ತುರ್ಕಿ ಮತ್ತು ಅಫ್ಘಾನಿಸ್ತಾನಗಳು ಒಪ್ಪಿದವು. ಪಾಕಿಸ್ತಾನಕ್ಕೆ 2012ರ ಕೊನೆಯವರೆಗೆ ಸಮಯ ಬೇಕಾಯಿತು. ತಾನೇ ಮಾನ್ಯತೆಗಾಗಿ ಕಾದಿದ್ದ ಬಾಂಗ್ಲಾದೇಶವು 2017ರಲ್ಲಿ ಒಪ್ಪಿತು. ಇಂಡೋನೇಷ್ಯಾ, ಇರಾನ್ ಮತ್ತು ಅಲ್ಜೀರಿಯಾಗಳು ಒಪ್ಪಿಲ್ಲ. ಸ್ವಾತಂತ್ರ್ಯದ ಆ ಘೋಷಣೆಯು ಅಂತಾರಾಷ್ಟ್ರೀಯ ಕಾನೂನನ್ನು ಉಲ್ಲಂಘಿಸಿಲ್ಲವೆಂದು ಅಂತಾರಾಷ್ಟ್ರೀಯ ನ್ಯಾಯಾಲಯವು 2010ರಲ್ಲಿ ಅಭಿಪ್ರಾಯ ನೀಡಿದ ಮೇಲೂ ಒಪ್ಪಿಲ್ಲ. 2024ರಲ್ಲಿ ಫೆಲೆಸ್ತೀನಿಗೆ ಮಾನ್ಯತೆ ನೀಡಿ ನಮ್ಮ ಮೆಚ್ಚುಗೆಗೆ ಪಾತ್ರವಾದ ಸ್ಪೇನ್ ಕೂಡ ಕೊಸೊವೊವನ್ನು ಒಪ್ಪುವುದಿಲ್ಲ. ಅದರ ಮನೆಯೊಳಗೆ ಕೆಟಲೋನಿಯಾದ ಪ್ರಶ್ನೆಯಿದೆ. ಅಮೆರಿಕವು ಕೊಸೊವೊವನ್ನು ಒಪ್ಪುತ್ತದೆ, ಫೆಲೆಸ್ತೀನನ್ನು ಒಪ್ಪುವುದಿಲ್ಲ. 1988ರಲ್ಲೇ ಫೆಲೆಸ್ತೀನನ್ನು ಒಪ್ಪಿದ ಭಾರತವು ಕೊಸೊವೊವನ್ನು ಒಪ್ಪಿಲ್ಲ. ಈ ಪಟ್ಟಿಯನ್ನು ಈಮಾನಿನ ಪ್ರಕಾರ ವಿಂಗಡಿಸಿ ತೋರಿಸುವವರಿದ್ದರೆ ಮುಂದೆ ಬರಲಿ!

ಹಾಗಾದರೆ ನಮ್ಮ ಅಳತೆಗೋಲು ಯಾವುದು? ಹಿಜರಿ 6ರ ಹುದೈಬಿಯಾ ಸಂಧಿಯನ್ನು ನೆನೆಯೋಣ. ಕುರೈಷರ ಪ್ರತಿನಿಧಿ ಸುಹೈಲ್ ಬಿನ್ ಅಮ್ರ್, ಕರಾರಿನಲ್ಲಿ ಅಲ್ಲಾಹನ ಸಂದೇಶವಾಹಕರೆಂಬ ಬಿರುದನ್ನು ಬರೆಯಲು ಒಪ್ಪಲಿಲ್ಲ. ಪ್ರವಾದಿ ಮುಹಮ್ಮದ್(ಸ)ರು ಆ ಪದವನ್ನು ಅಳಿಸಿ, ಅಬ್ದುಲ್ಲಾಹರ ಪುತ್ರನೆಂದೇ ಬರೆಯಲು ಸಮ್ಮತಿಸಿದರು. ಅಳಿಸಲು ಅಲೀ(ರ)ರ ಕೈ ಏಳಲಿಲ್ಲ. ಆದರೆ ಎದುರಾಳಿಯು ಬರೆಯಲೊಪ್ಪದ ಮಾತ್ರಕ್ಕೆ ಪ್ರವಾದಿತ್ವಕ್ಕೆ ಕುಂದುಂಟಾಗಲಿಲ್ಲ. ಬಿರುದನ್ನು ನಿರಾಕರಿಸಿದ ಅದೇ ಕುರೈಷರು ಸಹಿ ಹಾಕುವ ಮೂಲಕ ಮದೀನಾವನ್ನು ಸಮಬಲದ ಪಕ್ಷವೆಂದು ಒಪ್ಪಿಕೊಂಡಾಗಿತ್ತು. ಸತ್ಯವು ಇತರರ ಮುದ್ರೆಗಾಗಿ ಕಾಯಬೇಕಿಲ್ಲವೆಂಬುದಕ್ಕೆ ಇದಕ್ಕಿಂತ ಹಿರಿದಾದ ಪಾಠ ನಮಗೆ ಬೇಕೇ?

ನ್ಯಾಯಕ್ಕೆ ಸಾಕ್ಷಿಗಳಾಗಿ ನಿಲ್ಲಬೇಕು, ಅದು ನಮ್ಮವರಿಗೇ ವಿರುದ್ಧವಾದರೂ ಸರಿ ಎಂಬುದು ಸೂರಃ ಅನ್ನಿಸಾದ 135ನೇ ವಚನದ ಬೋಧನೆ. ನಾವಾದರೋ 1971ರ ಸಂತ್ರಸ್ತರ ವಿಷಯ ಬಂದಾಗ ಮೌನ ತಾಳುತ್ತೇವೆ, ಏಕೆಂದರೆ ಅಲ್ಲಿ ದಬ್ಬಾಳಿಕೆ ನಡೆಸಿದವರ ಹೆಸರುಗಳು ನಮ್ಮವರ ಹೆಸರುಗಳಂತಿವೆ. ಹೊಸ ರಾಷ್ಟ್ರವೊಂದರ ಸುದ್ದಿ ಬಂದಾಗ ಯಾರು ಮಾನ್ಯತೆ ಕೊಟ್ಟರೆಂದು ಮಕ್ಕಳಿಗೆ ಪಟ್ಟಿ ಓದಿಸುವ ಮೊದಲು, ಅಲ್ಲಿ ಯಾರ ರಕ್ತ ಹರಿಯಿತು, ಯಾರು ಹರಿಸಿದರು, ಯಾರು ಮನೆ ಕಳೆದುಕೊಂಡರು ಎಂಬುದನ್ನು ಹೇಳಿಕೊಡೋಣ. ಮಾನ್ಯತೆಯ ಲೆಕ್ಕವನ್ನು ವಿದೇಶಾಂಗ ಸಚಿವಾಲಯಗಳು ಇಟ್ಟುಕೊಳ್ಳುತ್ತವೆ. ನಮ್ಮನ್ನು ನಾಳೆ ಕೇಳಲಾಗುವುದು ಆ ಲೆಕ್ಕವನ್ನಲ್ಲ, ನಮ್ಮ ಸಾಕ್ಷ್ಯವನ್ನು.